ಇನ್ನೊಂದು ಸುತ್ತು

ನಮ್ಮೂರಿನ ಮೇಲೆ ಮೋಡ ಮುಚ್ಚಳ ಹಾಕಿದ ಹಾಗೆ ಕೂತಿದೆ. ಯಾವಾಗ ಬಂದು ಕೂತಿತೋ ಯಾರಿಗೂ ಗೊತ್ತಿಲ್ಲ. ಮೋಡದ ಮೇಲೆ ವಿಮಾನಗಳಿವೆ, ಮೋಡದ ಕೆಳಗೆ ನಾವಿದ್ದೇವೆ, ನಡುವೆ ಒಂದು ದನಿ ಇದೆ.

ವಿಮಾನ ನಡೆಸುವವರನ್ನು ನಾವು ಸಾರಥಿಗಳು ಎನ್ನುತ್ತೇವೆ. ಅವರಿಗೆ ನಾವು ಕಾಣುವುದಿಲ್ಲ, ನಮಗೆ ಅವರು ಕಾಣುವುದಿಲ್ಲ. ಮೈದಾನದ ಪಕ್ಕದಲ್ಲಿ ಒಂದು ಗೋಪುರ, ಗೋಪುರದ ತುದಿಯಲ್ಲಿ ಎರಡು ಹಿತ್ತಾಳೆ ಕಹಳೆ. ಒಂದರ ಬಾಯಿ ಮೋಡದ ಕಡೆಗೆ, ಇನ್ನೊಂದರ ಬಾಯಿ ಊರಿನ ಕಡೆಗೆ. ಮೋಡದ ಕಹಳೆಯ ಹತ್ತಿರ ಕೂತು ಮಾತಾಡುವವಳು ದನಿಯಮ್ಮ. ಅವಳು ದಾರಿ ಹೇಳಿದರೆ ವಿಮಾನ ಮೋಡದೊಳಗಿಂದ ಮೈದಾನಕ್ಕೆ ಇಳಿಯುತ್ತದೆ, ಹೇಳದಿದ್ದರೆ ಇಳಿಯುವ ಹಾಗಿಲ್ಲ. ಮೈದಾನದಲ್ಲಿ ಒಂದೇ ವಿಮಾನಕ್ಕೆ ಜಾಗ. ಇಳಿದದ್ದಕ್ಕೆ ಆರತಿ, ಉಪಚಾರ ಎಲ್ಲ ಮುಗಿಸಿ, ಅದನ್ನು ಹುಲ್ಲಿನ ಕಡೆಗೆ ನೂಕಿದ ಮೇಲೆ ಮುಂದಿನದನ್ನು ಕರೆಯುತ್ತಾರೆ. ಅಲ್ಲಿಯ ತನಕ ಉಳಿದವು ಮೇಲೆ ದೇವರಿಗೆ ಪ್ರದಕ್ಷಿಣೆ ಬಂದ ಹಾಗೆ ಸುತ್ತುತ್ತಿರುತ್ತವೆ.

ದನಿಯಮ್ಮ ಕೇಳುವುದು, ಸಾರಥಿ ಹೇಳುವುದು, ಎರಡೂ ಎರಡನೆಯ ಕಹಳೆಯಿಂದ ಊರಿಗೆಲ್ಲ ಕೇಳಿಸುತ್ತದೆ. ಅಡುಗೆಮನೆಗೆ ಕೇಳಿಸುತ್ತದೆ, ತೊಟ್ಟಿಲಿನ ಕೂಸಿಗೆ ಕೇಳಿಸುತ್ತದೆ, ಸಾಯಲು ಮಲಗಿದವರಿಗೂ ಕೇಳಿಸುತ್ತದೆ. ಹೀಗಾಗಿ ನಮ್ಮೂರಲ್ಲಿ ಒಂದು ನಿಯಮವಿದೆ. ಮೋಡದ ಆಚೆಗೂ ಈಚೆಗೂ ಹೋಗುವ ಮಾತಿನಲ್ಲಿ ಕೆಟ್ಟದ್ದು ಇರಕೂಡದು. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇವೆ ಎಂದೇ ಹೇಳಬೇಕು.

"ಮೇಲಿನವರೇ, ಹೇಗಿದ್ದೀರಿ?"

"ಚೆನ್ನಾಗಿದ್ದೇವೆ ತಾಯಿ."

"ಇನ್ನೊಂದು ಸುತ್ತು ಬನ್ನಿ."

"ಬಂದೆವು ತಾಯಿ."

ದಿನವಿಡೀ ಇದೇ ಮಾತು. ನಮಗೆ ಜೋಗುಳವೂ ಇದೇ, ಹೊತ್ತು ಗೊತ್ತಾಗುವುದೂ ಇದರಿಂದಲೇ.

ನಿಯಮವನ್ನು ಸುಮ್ಮನೆ ಮಾಡಿದ್ದಲ್ಲ. ಹಿಂದೆ ಒಬ್ಬ ಸಾರಥಿ ಮೇಲಿನಿಂದ "ಅಯ್ಯೋ, ಹೆದರಿಕೆ ಆಗ್ತಿದೆ" ಎಂದು ಕೂಗಿಬಿಟ್ಟನಂತೆ. ಊರಿಗೆ ಊರೇ ಎದ್ದು ಮೈದಾನಕ್ಕೆ ಓಡಿತಂತೆ. ಎಲ್ಲರೂ ಬಾಯಿ ತೆರೆದುಕೊಂಡು ಮೇಲೆ ನೋಡುತ್ತ ನಿಂತರಂತೆ. ವಿಮಾನಕ್ಕೆ ಇಳಿಯಲು ಕಾಲಿಡುವಷ್ಟೂ ಜಾಗ ಉಳಿಯಲಿಲ್ಲವಂತೆ. ಮುಂದೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಅಂದಿನಿಂದ ದನಿಯಮ್ಮನ ಪಕ್ಕದಲ್ಲಿ ಒಬ್ಬ ಗಂಟೆಯಯ್ಯ ಕೂರುತ್ತಾನೆ. ಕೆಟ್ಟ ಮಾತು ಬಂದರೆ ಗಂಟೆ ಹೊಡೆದು ಅದನ್ನು ಮುಚ್ಚಿಬಿಡುವುದು ಅವನ ಕೆಲಸ. ಈಗಿನ ಗಂಟೆಯಯ್ಯನಿಗೆ ಗಂಟೆ ಹೊಡೆಯುವ ಪ್ರಸಂಗವೇ ಬಂದಿರಲಿಲ್ಲ, ಅದಕ್ಕೆ ಅವನು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದ.

ಆದರೆ ಗೋಪುರದ ಅಭ್ಯಾಸ ಮನೆಗೂ ಬಂತು. ಬರದೇ ಇರುತ್ತದೆಯೇ? ನನ್ನ ಹೆಂಡತಿಯ ಕೈಮೇಲೆ ಕಾದ ಎಣ್ಣೆ ಸಿಡಿದಾಗ ಏನಾಯಿತೇ ಎಂದೆ. "ಏನಿಲ್ಲ, ಚೆನ್ನಾಗಿದೀನಿ" ಎಂದಳು. ಬೊಬ್ಬೆ ನಾನು ನೋಡಿದ್ದು ವಾರ ಕಳೆದ ಮೇಲೆ. ದನಿಯಮ್ಮನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಜ್ವರದಲ್ಲಿ ಮೈ ಕಾದಿದ್ದರೂ ಆ ಹುಡುಗಿ ತಾಯಿ ಕೇಳಿ ಮುಗಿಸುವ ಮೊದಲೇ "ಚೆನ್ನಾಗಿದೀನಮ್ಮ" ಎಂದುಬಿಡುತ್ತಿತ್ತಂತೆ. ಬೆಳೆದು ಸಾರಥಿಯಾದಳು. ಗೋಪುರದಲ್ಲಿ ಅಮ್ಮ ಮಗಳು ಎಂಬುದಿಲ್ಲ, ಮೇಲಿನವರು, ತಾಯಿ, ಅಷ್ಟೇ. ಮನೆಗೆ ಬಂದಾಗಲಾದರೂ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಾರೋ ಎಂದರೆ, ಅಲ್ಲಿಯೂ ಹೇಗಿದ್ದೀಯ, ಚೆನ್ನಾಗಿದ್ದೀನಿ, ಮುಗಿಯಿತು. ಪಕ್ಕದ ಮನೆಯವನು ನಾನು, ಗೋಡೆ ತೆಳ್ಳಗಿದೆ, ಬೇಡ ಎಂದರೂ ಕೇಳಿಸುತ್ತದೆ.

ಆ ದಿನ ನನ್ನ ಸೋದರ ಸೊಸೆಯ ಮದುವೆಗೆ ಬೀಗರು ಬಂದಿಳಿದರು. ನಾನು ಹುಡುಗಿಯ ಸೋದರಮಾವ, ತಂಬಿಗೆ ಹಿಡಿದು ಕಾಲಿಗೆ ನೀರು ಕೊಡುವ ಸರದಿ ನನ್ನದು. ಬೀಗರ ವಿಮಾನ ಮೈದಾನದ ನಟ್ಟನಡುವೆ ನಿಂತಿತ್ತು. ಬೀಗರೆಂದ ಮೇಲೆ ಅವಸರ ಮಾಡುವ ಹಾಗಿದೆಯೇ? ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಬೇಕು. ಕೆಂಪು ನೀರಿನ ಆರತಿ ಎತ್ತಬೇಕು. ಮಣೆಯ ಮೇಲೆ ಕೂರಿಸಿ ಕಾಲು ತೊಳೆಯಬೇಕು. ಪಾನಕ ಕೊಡಬೇಕು. ಪ್ರಯಾಣ ಸುಖವಾಗಿತ್ತೇ ಎಂದು ಕೇಳಬೇಕು, ಸುಖವಾಗಿತ್ತು ಎಂದು ಅವರು ಹೇಳಬೇಕು, ಪಾನಕಕ್ಕೆ ಬೆಲ್ಲ ಕಡಿಮೆಯಾಗಿಲ್ಲವಷ್ಟೇ ಎಂದು ಮತ್ತೆ ಕೇಳಬೇಕು. ದೊಡ್ಡ ಬೀಗರು ಸರದಿಯಲ್ಲಿ ಕೊನೆಯವರು. ಜರಿಪಂಚೆ ಒದ್ದೆಯಾಗದ ಹಾಗೆ ಎತ್ತಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕಾಯುತ್ತಿದ್ದರು.

ಮೇಲೆ ಎರಡು ವಿಮಾನಗಳು ಸುತ್ತುತ್ತಿದ್ದವು. ಒಂದನ್ನು ಹಿರಿಯ ಸಾರಥಿ ನಡೆಸುತ್ತಿದ್ದರು. ಅವರಷ್ಟು ಚೆಂದವಾಗಿ ಚೆನ್ನಾಗಿದ್ದೇವೆ ಎನ್ನುವವರು ಇನ್ನೊಬ್ಬರಿಲ್ಲ ಎಂದು ಊರಲ್ಲಿ ಹೆಸರು. ಇನ್ನೊಂದು ದನಿಯಮ್ಮನ ಮಗಳದು.

ವಿಮಾನಗಳು ಹೆಚ್ಚು ಹೊತ್ತು ಸುತ್ತಿದರೆ ಊರಿಗೆ ಏನೋ ಆಗುತ್ತದೆ. ಮುಚ್ಚಳದ ಮೇಲಿನ ಆ ಗುಂಯ್ ಸದ್ದು ಹಲ್ಲಿನೊಳಗೆ ಸೇರಿಕೊಳ್ಳುತ್ತದೆ. ಯಾರಿಗೂ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬಾವಿಗೆ ಹೊರಟವರು ಬಾವಿಯನ್ನೇ ಸುತ್ತುತ್ತಾರೆ. ನಾಯಿ ತನ್ನ ಬಾಲದ ಹಿಂದೆ ಸುತ್ತುತ್ತದೆ. ಸೌಟು ಬೇಡವಾದರೂ ಪಾತ್ರೆಯಲ್ಲಿ ಸುತ್ತುತ್ತದೆ. ಆ ದಿನ ನಾನು ತಂಬಿಗೆ ಹಿಡಿದುಕೊಂಡೇ ಬೀಗರ ಮಣೆಯ ಸುತ್ತ ಎರಡು ಸಲ ಬಂದೆ. ಎದೆಯಲ್ಲಿ ಏನೋ ಕಿರಿಕಿರಿ. ಏನೆಂದು ಯಾರನ್ನು ಕೇಳುವುದು? ಕೇಳಿದರೆ ಚೆನ್ನಾಗಿದ್ದೇವೆ ಎನ್ನುತ್ತಾರೆ.

"ಮೇಲಿನವರೇ, ಹೇಗಿದ್ದೀರಿ?"

"ಚೆನ್ನಾಗಿದ್ದೇವೆ ತಾಯಿ." ಇದು ಹಿರಿಯ ಸಾರಥಿ, ನಿಧಾನವಾಗಿ, ಪಾಯಸ ಬಡಿಸಿದ ಹಾಗೆ.

"ಚೆನ್ನಾಗಿದ್ದೇವೆ ತಾಯಿ." ಇದು ಮಗಳು.

"ಇನ್ನೊಂದು ಸುತ್ತು ಬನ್ನಿ."

"ಬಂದೆವು ತಾಯಿ." "ಬಂದೆವು ತಾಯಿ."

"ಕೇಳಿದ್ರಾ, ಮೇಲಿನವರು ಚೆನ್ನಾಗಿದಾರೆ" ಎಂದರು ಹೆಣ್ಣಿನ ಕಡೆಯವರು. "ನಿಧಾನಕ್ಕೆ ಆಗ್ಲಿ ಬಿಡಿ" ಎಂದರು ಗಂಡಿನ ಕಡೆಯವರು. ಪಾನಕ ಎರಡನೆಯ ಸುತ್ತು ಬಂತು. ವಿಮಾನ ಎಣ್ಣೆಯಿಂದ ಓಡುತ್ತದೆ, ಎಣ್ಣೆ ಮುಗಿಯುವ ವಸ್ತು, ಇದು ನಮಗೆ ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿದ್ದೇವೆ ಎಂದು ಅವರೇ ಹೇಳುತ್ತಿರುವಾಗ ಅದನ್ನು ನೆನೆಸಿಕೊಳ್ಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೆವು.

ಮತ್ತೆ ಸುತ್ತು. ಮತ್ತೆ ಪ್ರಶ್ನೆ. ಮತ್ತೆ ಸುತ್ತು. ದೊಡ್ಡ ಬೀಗರು ಮಣೆಯ ಮೇಲೆ ಕೂತು ಬಲಗಾಲು ಚಾಚಿದರು, ನಾನು ನೀರು ಹಾಕಿದೆ. ಆಗ ಗೋಪುರದಿಂದ ದನಿಯಮ್ಮ ಕೇಳತೊಡಗಿದಳು.

"ಮೇಲಿನವರೇ, ಹೇಗಿ—"

"ಚೆನ್ನಾಗಿದ್ದೇವೆ ತಾಯಿ!"

ಪ್ರಶ್ನೆ ಮುಗಿಯುವ ಮೊದಲೇ ಮಗಳ ಉತ್ತರ ಬಂದಿತ್ತು. ಚುರುಕು ಹುಡುಗಿ ಎಂದು ಯಾರೋ ಮೆಚ್ಚಿಕೊಂಡರು. ಆದರೆ ಗೋಪುರದಿಂದ ಇನ್ನೊಂದು ಸುತ್ತು ಬನ್ನಿ ಎಂಬ ಮಾತು ಬರಲಿಲ್ಲ. ಕಹಳೆ ಸುಮ್ಮನಿತ್ತು. ಸುಮ್ಮನಿರುವ ಕಹಳೆಯನ್ನು ನಾವು ಯಾವತ್ತೂ ಕೇಳಿದವರಲ್ಲ. ಹೆಂಗಸರು ಆರತಿ ತಟ್ಟೆ ಹಿಡಿದ ಹಾಗೇ ಗೋಪುರದ ಕಡೆ ತಿರುಗಿದರು.

"ಎಣ್ಣೆ ಎಷ್ಟಿದೆ?" ಎಂದಳು ದನಿಯಮ್ಮ.

"ಏನಮ್ಮಾ ಇದು?" ಗಂಟೆಯಯ್ಯನ ದನಿಯೂ ಕಹಳೆಯಲ್ಲಿ ಸೇರಿಕೊಂಡು ಕೇಳಿಸಿತು. "ಅದೆಲ್ಲ ಕೇಳೋ ಮಾತಾ? ಕೇಳೋದು ಕೇಳಿ ಆಯ್ತಲ್ಲ. ಅವರೂ ಹೇಳಿದ್ರಲ್ಲ."

ಮೇಲಿನಿಂದ ಮಗಳೆಂದಳು: "ಬೇಕಾದಷ್ಟಿದೆ ತಾಯಿ."

"ನಮ್ಮಲ್ಲೂ ಬೇಕಾದಷ್ಟಿದೆ ತಾಯಿ" ಎಂದರು ಹಿರಿಯ ಸಾರಥಿ.

ಊರೆಲ್ಲ ಉಸಿರು ಬಿಟ್ಟಿತು. "ನೋಡಿ, ಬೇಕಾದಷ್ಟಿದೆಯಂತೆ" ಎಂದ ದೊಡ್ಡ ಬೀಗರು ಬಲಗಾಲು ಹಿಂದಕ್ಕೆಳೆದು ಎಡಗಾಲು ಚಾಚಿದರು. ನನಗೆ ಆ ಕಾಲಿನ ಮೇಲೆ ವಿಪರೀತ ಸಿಟ್ಟು ಬಂತು. ಪಾಪ, ಕಾಲೇನು ಮಾಡಿತ್ತು? ಆದರೂ ಬಂತು. ತಂಬಿಗೆ ಬಗ್ಗಿಸಲು ಕೈ ಬರಲಿಲ್ಲ.

"ನಾನು ಚೆನ್ನಾಗಿಲ್ಲ" ಎಂದಳು ದನಿಯಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಆ ಮಾತನ್ನು ಕಹಳೆ ಹೇಳಬಲ್ಲದು ಎಂದೇ ನಾವು ಅಂದುಕೊಂಡಿರಲಿಲ್ಲ. ಗಂಟೆ ಢಣ್ ಎಂದಿತು. ಅದು ಹೇಗೆ ಸದ್ದು ಮಾಡುತ್ತದೆ ಎಂದು ಊರಿಗೆ ಗೊತ್ತಾದದ್ದೇ ಆಗ.

"ಹೊಡೀರಿ ಅಯ್ಯಾ, ಎಷ್ಟು ಬೇಕಾದ್ರೂ ಹೊಡೀರಿ. ನಾನು ಚೆನ್ನಾಗಿಲ್ಲ. ಬೆಳಿಗ್ಗೆಯಿಂದ ಇಲ್ಲಿ ಕೂತು ಸುತ್ತು ಬನ್ನಿ, ಸುತ್ತು ಬನ್ನಿ ಅಂತಿದೀನಿ. ಮೇಲೆ ಏನಾಗ್ತಿದೆ ಅಂತ ನಂಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಗೊತ್ತಿರಲಿಲ್ಲ. ಹೆದರಿಕೆ ಆಗ್ತಿದೆ ನಂಗೆ. ಕೇಳಿಸ್ತಾ ಮೇಲಿನವರೇ? ಕೆಳಗಿನವಳಿಗೆ ಹೆದರಿಕೆ ಆಗ್ತಿದೆ."

ಗಂಟೆ ಮತ್ತೊಮ್ಮೆ ಹೊಡೆಯಲಿಲ್ಲ. ಯಾಕೆ ಎಂದು ಆಮೇಲೆ ಗಂಟೆಯಯ್ಯನೇ ಹೇಳಿದ. ಎತ್ತಿದ ಕೈ ಇಳಿಯಲಿಲ್ಲವಂತೆ. ಮುಚ್ಚಳದ ಮೇಲೆ ಗುಂಯ್ ಸದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ನಮ್ಮ ತಲೆಗಳೂ ಅದರ ಜೊತೆಗೆ ತಿರುಗಿದವು.

"ಅಮ್ಮಾ" ಎಂದಳು ಮಗಳು. ಕಹಳೆಯಲ್ಲಿ ಆ ಮಾತೂ ಹೊಸದು. "ನಾವೂ ಚೆನ್ನಾಗಿಲ್ಲ. ಎಣ್ಣೆ ಮುಗೀತಾ ಬಂತು. ಇನ್ನೊಂದು ಸುತ್ತು ಆಗ್ಬಹುದು. ಆಗ್ದೇನೂ ಇರ್ಬಹುದು."

ದನಿಯಮ್ಮ ಉಸಿರು ಎಳೆದುಕೊಂಡದ್ದು ನಮಗೆಲ್ಲ ಕೇಳಿಸಿತು. ಬಾ ಎನ್ನಲು ಎಳೆದುಕೊಂಡ ಉಸಿರು ಅದು. ಅದು ಮಾತಾಗುವ ಮೊದಲು ಹಿರಿಯ ಸಾರಥಿ ಕೆಮ್ಮಿದರು.

"ತಾಯೀ, ಕ್ಷಮಿಸಿ. ಹುಡುಗಿ ಹೇಳಿದ ಮೇಲೆ ನಾನೂ ಹೇಳಿಬಿಡ್ತೀನಿ. ನನ್ನದು ಆಗಲೇ ಬತ್ತಿಹೋಗಿದೆ. ಮುಳ್ಳು ತಳಕ್ಕೆ ಬಿದ್ದು ಆಯ್ತು. ಯಾವುದರ ಮೇಲೆ ಓಡ್ತಿದೆಯೋ ನಂಗೇ ಗೊತ್ತಿಲ್ಲ. ಹಿಂದೆ ಕೂತವರಿಗೆ ಹೇಳಿಲ್ಲ. ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಮೋಡ ನೋಡ್ತಾ ಇದಾವೆ."

ಆ ಉಸಿರು ದನಿಯಮ್ಮನಲ್ಲೇ ನಿಂತಿತು. ಇಲ್ಲಿ ಊರಿನಲ್ಲಿ ಬಾಗಿಲುಗಳು ತೆರೆದುಕೊಂಡವು. ಒಲೆ ಬಿಟ್ಟು, ತೊಟ್ಟಿಲು ಬಿಟ್ಟು, ಅಂಗಡಿ ಬಿಟ್ಟು ಜನ ಮೈದಾನಕ್ಕೆ ಓಡಿಬಂದರು. "ಬಂದ್ರು, ಬಂದ್ರು, ನಾನು ಹೇಳ್ಲಿಲ್ವಾ" ಎಂದು ಗಂಟೆಯಯ್ಯ ಕಹಳೆಯಲ್ಲಿ ಅಳುತ್ತಿದ್ದ. ಹಿಂದಿನವರು ಯಾವುದಕ್ಕೆ ಹೆದರಿ ನಿಯಮ ಮಾಡಿದ್ದರೋ ಅದೇ ಆಗಿತ್ತು. ಊರಿಗೆ ಊರೇ ಮೈದಾನದಲ್ಲಿ ನಿಂತು, ಬಾಯಿ ತೆರೆದು, ಮೇಲೆ ನೋಡಿತು.

ನಾನು ತಂಬಿಗೆ ಎಸೆದೆ. "ಮೇಲೆ ಏನ್ರೋ ನೋಡ್ತೀರಾ? ನೂಕ್ರೋ ಇದನ್ನ!" ಎಂದು ಕಿರುಚಿ ಬೀಗರ ವಿಮಾನಕ್ಕೆ ಹೆಗಲು ಕೊಟ್ಟೆ. ಮೊದಲು ನನ್ನ ಪಕ್ಕಕ್ಕೆ ಬಂದದ್ದು ದೊಡ್ಡ ಬೀಗರು. ಜರಿಪಂಚೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು, ಒಂದು ಕಾಲು ತೊಳೆದದ್ದು, ಒಂದು ಕಾಲು ಹಾಗೇ ಇದ್ದದ್ದು. "ನಂದೂ ಪ್ರಯಾಣ ಸುಖವಾಗಿರ್ಲಿಲ್ಲ ಕಣ್ರೀ, ಹೊಟ್ಟೆ ತೊಳಸಿಬಿಡ್ತು" ಎನ್ನುತ್ತ ನೂಕಿದರು. ಆಮೇಲೆ ಎಷ್ಟು ಕೈಗಳು ಬಂದವೋ! ಆರತಿಯ ಕೆಂಪು ನೀರು ಚೆಲ್ಲಿ ಎಲ್ಲರ ಪಾದ ಕೆಂಪಾಯಿತು. ಉಪಚಾರದವರು ನಾಲ್ಕೈದು ಮಂದಿ ಸೇರಿ ದಿನಾ ಅರ್ಧ ಗಂಟೆ ನೂಕುವ ವಿಮಾನ ಆಟಿಕೆಯ ಹಾಗೆ ಹುಲ್ಲಿಗೆ ಉರುಳಿಹೋಯಿತು. ಓಡಿಬಂದ ಊರು ಅಂಚಿಗೆ ಸರಿದು ನಿಂತಿತು. ಮೈದಾನ ಖಾಲಿಯಾಯಿತು.

ಈಗ ಕರೆಯಬೇಕಾದವಳು ದನಿಯಮ್ಮ. ಯಾರನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಆ ಮಾತು ಅವಳ ಬಾಯಿಂದ ಬರುವುದು ಮಾತ್ರ ನಮಗೆ ಯಾರಿಗೂ ಬೇಕಿರಲಿಲ್ಲ. ಮಗಳಿಗಾಗಿಯೇ ತಾನೇ ಅವಳು ನಿಯಮ ಮುರಿದದ್ದು? ಮುರಿದ ಮೇಲೆ ಸಿಕ್ಕಿದ ನಿಜ ಇನ್ನೊಬ್ಬರ ಕಡೆಗಿತ್ತು. ನನಗೆ ಸಂಕಟವಾಯಿತು. ಅವಳು ಬೇರೆಯವರನ್ನು ಕರೆದರೂ, ಮಗಳನ್ನೇ ಕರೆದರೂ, ನಾಳೆ ಆ ತೆಳುವಾದ ಗೋಡೆಯ ಈಚೆ ಬದುಕಬೇಕಾದವನು ನಾನು.

"ಹಿರಿಯರೇ, ನೀವು ಇಳೀರಿ" ಎಂದಳು. "ಗೋಪುರವನ್ನು ಬಲಕ್ಕಿಟ್ಟುಕೊಂಡು ನೆಟ್ಟಗೆ ಬನ್ನಿ." ಆಮೇಲೆ, "ಪುಟ್ಟೀ, ನೀನು ಇನ್ನೊಂದು ಸುತ್ತು ಬಾ."

"ಬಂದೆ ಅಮ್ಮಾ."

"ಹೆದರಿಕೆ ಆಗ್ತಿದ್ಯಾ?"

"ಹ್ಞೂಂ."

"ನಂಗೂ ಕಣೆ."

ಹಿರಿಯ ಸಾರಥಿಯ ವಿಮಾನ ಮೋಡದಿಂದ ಇಳಿದು ಬಂತು. ನೆಲ ಮುಟ್ಟಿ ಓಡುತ್ತಿರುವಾಗಲೇ ಅದರ ಸದ್ದು ಕೆಮ್ಮಿ ಕೆಮ್ಮಿ ನಿಂತಿತು. ಅದು ನಿಲ್ಲುವ ತನಕವೂ ನಾವು ಕಾಯಲಿಲ್ಲ. ಓಡಿಹೋಗಿ ಕೈಯಿಟ್ಟು, ಓಟದಲ್ಲೇ ಹುಲ್ಲಿನ ಕಡೆಗೆ ತಿರುಗಿಸಿದೆವು. ಆರತಿಯಿಲ್ಲ, ಪಾನಕವಿಲ್ಲ, ಹೇಗಿದ್ದೀರಿ ಎಂದು ಕೇಳಲಿಲ್ಲ. ಮಕ್ಕಳನ್ನು ಕಿಟಕಿಯಿಂದಲೇ ಎತ್ತಿ ಇಳಿಸಿಕೊಂಡೆವು. ಹಿರಿಯ ಸಾರಥಿ ಮೆಟ್ಟಿಲ ಮೇಲೆ ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು.

ಮುಚ್ಚಳದ ಮೇಲೆ ಈಗ ಒಂದೇ ಗುಂಯ್ ಸದ್ದು. ಅದು ಊರಿನ ಆ ತುದಿಗೆ ಹೋಯಿತು. ತಿರುಗಿತು. ನಮ್ಮ ಕಡೆಗೆ ಬರುತ್ತ ಬರುತ್ತ ನಿಂತುಹೋಯಿತು.

ಅಂಥ ನಿಶ್ಶಬ್ದವನ್ನು ನಮ್ಮೂರು ಕಂಡಿರಲಿಲ್ಲ. ಬಾವಿಯ ಬಳಿ ನಾಯಿ ಸುತ್ತುವುದು ಬಿಟ್ಟು ನಿಂತಿತು. ಯಾರದೋ ಕೈಯ ಬಳೆ ಸದ್ದಾಯಿತು, ಎಲ್ಲರೂ ತಿರುಗಿ ನೋಡಿದರು.

"ಅಮ್ಮಾ, ಸದ್ದು ನಿಂತಿತು."

"ಗೊತ್ತಾಯ್ತು ಮಗಳೇ. ಮೈದಾನ ಖಾಲಿ ಮಾಡಿದಾರೆ, ಇಳಿ."

"ಎಲ್ಲಾ ಬೆಳ್ಳಗಿದೆ ಅಮ್ಮಾ. ಏನೂ ಕಾಣ್ತಿಲ್ಲ. ಗೋಪುರ ಯಾವ ಕಡೆಗೆ ಅಂತ ಗೊತ್ತಾಗ್ತಿಲ್ಲ."

"ನನ್ನ ಮಾತು ಯಾವ ಕಡೆಯಿಂದ ಬರ್ತಿದೆ?"

"ಬಲಗಡೆಯಿಂದ. ಸ್ವಲ್ಪ ಮುಂದಿನಿಂದ."

"ಹಾಗಿದ್ರೆ ಹಾಗೇ ಬಾ. ಮಾತು ಬಲಗಡೆಗೇ ಇರ್ಲಿ. ನಾನು ನಿಲ್ಲಿಸಲ್ಲ."

ನಿಲ್ಲಿಸಲಿಲ್ಲ. ಜೀವಮಾನವಿಡೀ ಎರಡು ಮಾತು ಬಿಟ್ಟು ಮೂರನೆಯದನ್ನು ಆಡದವಳು ಈಗ ಏನು ಬಾಯಿಗೆ ಬಂದರೆ ಅದನ್ನು ಆಡಿದಳು. ಬೆಳಿಗ್ಗೆ ಹುರುಳಿಕಟ್ಟಿನ ಸಾರು ಮಾಡಿಟ್ಟು ಬಂದದ್ದು, ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲದ್ದು. ನಿನಗೆ ಜ್ವರ ಬಂದಾಗ ನೀನು ಚೆನ್ನಾಗಿದೀನಿ ಅಂದೆ, ನಾನು ನಂಬಿದ ಹಾಗೆ ಮಾಡಿ ಹಿತ್ತಲಿಗೆ ಹೋಗಿ ಅತ್ತೆ ಎಂಬುದು. ನೀನು ಸಾರಥಿಯಾಗೋದು ನಂಗೆ ಇಷ್ಟವಿರಲಿಲ್ಲ ಎಂಬುದು. ನೀನು ಹೊರಟ ಮೇಲೆ ಈ ಮೆಟ್ಟಿಲು ಹತ್ತುವಾಗ ದಿನಾ ಎದೆ ನೋಯುತ್ತದೆ, ಯಾರಿಗೂ ಹೇಳಿಲ್ಲ ಎಂಬುದು. ಊರೆಲ್ಲ ಕೇಳುತ್ತಿದೆ ಎಂಬ ಪರಿವೆ ಅವಳಿಗಿರಲಿಲ್ಲ. ನಡುವೆ ಗಂಟೆಯಯ್ಯನ ದನಿಯೂ ಬಂತು: "ಮಗಳೇ, ನಾನೂ ಒಂದು ಹೇಳ್ತೀನಿ. ಈ ಬಲಗಿವಿ ನಂಗೆ ಕೇಳಿಸೋದೇ ಇಲ್ಲ. ಎಷ್ಟೋ ವರ್ಷ ಆಯ್ತು." ಯಾರೂ ನಗಲಿಲ್ಲ.

"ಬರ್ತಿದ್ದೀಯಾ?"

"ಬರ್ತಿದೀನಿ."

"ಮಾತು ಎಲ್ಲಿದೆ?"

"ಬಲಗಡೆ. ಹತ್ತಿರ ಆಯ್ತು ಅಮ್ಮಾ, ತುಂಬಾ ಹತ್ತಿರ."

ಮೋಡದ ಹೊಟ್ಟೆಯಿಂದ ಒಂದು ನೆರಳು ಇಳಿಯಿತು. ಸದ್ದಿಲ್ಲದ ವಿಮಾನವನ್ನು ನಾವು ನೋಡಿರಲಿಲ್ಲ. ರೆಕ್ಕೆಯ ಮೇಲೆ ಗಾಳಿ ಸುಯ್ಯೆನ್ನುವುದು ಬಿಟ್ಟು ಬೇರೇನಿಲ್ಲ. ಗೋಪುರದ ಕಹಳೆಗೆ ತಾಗುವಷ್ಟು ಸನಿಹದಲ್ಲಿ ಹಾದು, ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿಯಿತು. ಒಂದು ಚಕ್ರ ಕಳಚಿ ನಮ್ಮ ಕಡೆಗೆ ಉರುಳಿ ಬಂತು. ವಿಮಾನ ಒಂದು ಮಗ್ಗುಲಿಗೆ ವಾಲಿಕೊಂಡು, ಮಣ್ಣು ಕೆದರುತ್ತ ಹೋಗಿ, ಮೈದಾನದ ಬೇಲಿಗೆ ಸಿಕ್ಕಿಕೊಂಡು ನಿಂತಿತು.

ನಾವು ಓಡಿದೆವು. ಒಳಗಿದ್ದವರು ಒಬ್ಬೊಬ್ಬರೇ ಹೊರಬಂದರು, ಕೆಲವರು ಕುಂಟುತ್ತ, ಕೆಲವರು ಅಳುತ್ತ. ಒಬ್ಬರೂ ಸುಖವಾಗಿತ್ತು ಎನ್ನಲಿಲ್ಲ. ಕೊನೆಗೆ ಮಗಳು ಬಂದಳು. ಹಣೆಯಲ್ಲಿ ರಕ್ತ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಜನ ಎರಡು ಭಾಗವಾಗಿ ದಾರಿ ಬಿಟ್ಟರು. ದನಿಯಮ್ಮ ಗೋಪುರ ಇಳಿದು ಬರುತ್ತಿದ್ದಳು. ಅವಳು ಹಗಲಿನಲ್ಲಿ ನೆಲದ ಮೇಲೆ ನಡೆದದ್ದನ್ನು ನಾನಂತೂ ಕಂಡಿರಲಿಲ್ಲ. ಸೆರಗು ಜಾರಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು.

ಮಗಳೆದುರು ಬಂದು ನಿಂತಳು. ಅಷ್ಟು ಮಾತಾಡಿದ ಮೇಲೆ ಎದುರಿಗೆ ಬಂದಾಗ ಅವಳಿಗೆ ಹಳೆಯ ಮಾತು ಬಿಟ್ಟು ಬೇರೆ ಹೊಳೆಯಲಿಲ್ಲ.

"ಹೇಗಿದ್ದೀಯ?"

ಮಗಳ ತುಟಿ ತಾನಾಗಿಯೇ ತೆರೆದುಕೊಂಡಿತು. "ಚೆನ್ನಾಗಿ—" ಎಂದಳು. ನಿಂತಳು. ತಾಯಿಯ ಮುಖ ನೋಡಿದಳು.

"ಚೆನ್ನಾಗಿಲ್ಲ ಅಮ್ಮಾ" ಎಂದಳು. "ಕೈ ತುಂಬಾ ನೋಯ್ತಿದೆ."

ದನಿಯಮ್ಮ ಅಲ್ಲೇ ಕೆದರಿದ ಮಣ್ಣಿನ ಮೇಲೆ ಕುಸಿದು ಕೂತಳು. ಮಗಳನ್ನು ಎಳೆದು ಮಡಿಲಿಗೆ ಒರಗಿಸಿಕೊಂಡಳು. ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಹರಿಯುತ್ತಿತ್ತು. ಅಷ್ಟು ಸಂತೋಷದ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ.

"ಎಲ್ಲೆಲ್ಲಿ ನೋಯ್ತಿದೆ ಹೇಳು" ಎಂದಳು. "ಹೇಳು ಪುಟ್ಟೀ, ನಂಗೇನೂ ಕೆಲಸ ಇಲ್ಲ."

ಮಗಳು ಹೇಳತೊಡಗಿದಳು. ಹಣೆಯಿಂದ ಶುರುಮಾಡಿದಳು. ಮದುವೆಮನೆಯ ಅಡುಗೆ ಆರಿಹೋಯಿತು, ದೊಡ್ಡ ಬೀಗರ ಎಡಗಾಲು ತೊಳೆಯದೆ ಹಾಗೇ ಉಳಿಯಿತು. ನನ್ನ ಹೆಂಡತಿ ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಅವಳ ಕೈ ಹಿಡಿದುಕೊಂಡು, ಸುಟ್ಟ ಗುರುತಿದ್ದ ಜಾಗವನ್ನು ತೋರಿಸಿ, ಆವತ್ತು ತುಂಬಾ ಉರೀತಾ ಎಂದು ಕೇಳಿದೆ.